ಎಲ್ಲ ಪದ್ಯಕ್ಕೂ ಒಂದೇ ರಾಗ ಏಕೆ?

ಈ ಸಲದ ಗೋಡೆ ಪತ್ರಿಕೆಗೆ ನನ್ನ ಒಂದು ಅನಿಸಿಕೆ ಬರೆದಿದ್ದೇನೆ.

ನಮ್ಮ ತರಗತಿಯಲ್ಲಿ ಯಾವ ಪದ್ಯ ಕೊಟ್ಟರೂ ನಾವು ಒಂದೇ ರಾಗದಲ್ಲಿ ಹೇಳುತ್ತೇವೆ. ವಚನ ಇರಲಿ, ತ್ರಿಪದಿ ಇರಲಿ, ಷಟ್ಪದಿ ಇರಲಿ, ಸಾಲಿನ ಕೊನೆಗೆ ಬಂದ ಕೂಡಲೇ ಎಳೆದು ನಿಲ್ಲಿಸುತ್ತೇವೆ. ಕಣ್ಣು ಮುಚ್ಚಿ ಕೇಳಿದರೆ ಯಾವುದು ಯಾವ ಪದ್ಯ ಅಂತ ಗೊತ್ತಾಗುವುದಿಲ್ಲ. ಇದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಹೋದ ತಿಂಗಳ ಕಂಠಪಾಠ ಸ್ಪರ್ಧೆಯಲ್ಲಿ ನಮ್ಮ ಗೆಳೆಯನೊಬ್ಬ ಬಸವಣ್ಣನವರ ವಚನ ಹೇಳಿದ. ರಾಗ ಹಾಕಲಿಲ್ಲ. ಎದುರಿಗೆ ಕುಂತವರ ಸಂಗಡ ಮಾತಾಡಿದ ಹಾಗೆ ಹೇಳಿದ. ನಾವೆಲ್ಲ ನಕ್ಕೆವು. ನಾನೂ ನಕ್ಕೆ. “ಇವಂಗ ಪದ್ಯ ಹೇಳಾಕ ಬರಂಗಿಲ್ಲ” ಅಂದೆವು. ಅವನು ಅರ್ಧಕ್ಕೇ ನಿಲ್ಲಿಸಿ ಹೋಗಿ ಕುಳಿತುಕೊಂಡ. ಅಂದಿನಿಂದ ಕನ್ನಡ ಅವಧಿಯಲ್ಲಿ ಅವನು ಕೈ ಎತ್ತಿಲ್ಲ. ಸರ್ವಜ್ಞನ ತ್ರಿಪದಿಯನ್ನು ರಾಗವಾಗಿ ಹೇಳಿದ ನನಗೆ ಬಹುಮಾನವಾಗಿ ಪೆನ್ನು ಬಂತು.

ಸಂಜೆ ಮನೆಯಲ್ಲಿ ನಮ್ಮ ಆಯಿಗೆ ಅದನ್ನೇ ಹೇಳಿ ತೋರಿಸಿದೆ. ಅವಳು, “ಯವ್ವಾ, ಹಂಗ್ಯಾಕ ಜಗ್ಗತಿ ಅದನ್ನ? ಬೀಸೂಕಲ್ಲಿನ ಹಾಡು ಇದ್ದಂಗ ಐತಿ, ಹಂಗ ಹೇಳು” ಅಂದಳು. ಆಮೇಲೆ ತಾನೇ ಒಂದು ಹಾಡು ಹೇಳಿದಳು. ಮೂರೇ ಸಾಲು. ಎರಡನೆಯ ಸಾಲಿನ ಮೊದಲ ಭಾಗವನ್ನು ಮತ್ತೊಮ್ಮೆ ಹೇಳಿ ಮೂರನೆಯದಕ್ಕೆ ಹೋದಳು. ಮೂರನೆಯ ಸಾಲು ಸಣ್ಣದು. ಕಲ್ಲು ತಿರುಗಿ ಬಂದು ನಿಂತ ಹಾಗೆ ಅನಿಸಿತು. ನಮ್ಮ ಆಯಿಗೆ ಓದು ಬರಹ ಬರುವುದಿಲ್ಲ. ಆದರೆ ತ್ರಿಪದಿ ಬರುತ್ತದೆ!

ಮರುದಿನ ಗುರುಗಳನ್ನು ಕೇಳಿದೆ. ಛಂದಸ್ಸಿನ ಪಾಠವನ್ನೂ ಓದಿದೆ. ತ್ರಿಪದಿಯ ಮೊದಲ ಎರಡು ಸಾಲಿಗೆ ನಾಲ್ಕು ನಾಲ್ಕು ಗಣ, ಮೂರನೆಯದಕ್ಕೆ ಮೂರೇ ಗಣ. ಬಾದಾಮಿಯಲ್ಲಿ ಕ್ರಿ.ಶ. ಸುಮಾರು 700ರ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿಗಳು ಇವೆ. ಅಂದರೆ ನಮ್ಮ ಆಯಿ ಹಾಡುವ ಕಟ್ಟು 1300 ವರ್ಷಗಳಷ್ಟು ಹಳೆಯದು.

ಷಟ್ಪದಿಗೆ ಆರು ಸಾಲು. ಕುಮಾರವ್ಯಾಸನ ಭಾರತ ಭಾಮಿನಿ ಷಟ್ಪದಿಯಲ್ಲಿದೆ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು ಎಂದು ಕೈಯಲ್ಲಿ ತಾಳ ಹಾಕಿ ನೋಡಿರಿ. 1, 2, 4, 5ನೆಯ ಸಾಲುಗಳಿಗೆ 14 ಮಾತ್ರೆ. 3 ಮತ್ತು 6ನೆಯ ಸಾಲಿಗೆ 23 ಮಾತ್ರೆ. ಸಣ್ಣ ಸಾಲುಗಳಲ್ಲಿ ಕಥೆ ಓಡುತ್ತದೆ, ಉದ್ದ ಸಾಲಿನ ಕೊನೆಗೆ ಒಂದು ಗುರು ಬಂದು ಉಸಿರು ತಗೊಳ್ಳುತ್ತದೆ. ಎಷ್ಟೋ ಕಡೆ ಒಂದು ಸಾಲಿನ ಮಾತು ಮುಂದಿನ ಸಾಲಿಗೆ ಹೋಗಿ ಮುಗಿಯುತ್ತದೆ. ನಾವು ಪ್ರತಿ ಸಾಲಿಗೂ ನಿಂತರೆ ಮಾತು ತುಂಡಾಗುತ್ತದೆ, ಅರ್ಥ ಆಗುವುದಿಲ್ಲ. ಗಮಕಿಗಳು ಹಾಗೆ ನಿಲ್ಲುವುದಿಲ್ಲ. ಅರ್ಥ ನೋಡಿ ನಿಲ್ಲುತ್ತಾರೆ.

ಪುರಂದರದಾಸರ, ಕನಕದಾಸರ ಕೀರ್ತನೆಗಳು ಹಾಡಲಿಕ್ಕೆಂದೇ ಹುಟ್ಟಿದವು. ಪಲ್ಲವಿ ಇರುತ್ತದೆ, ಚರಣ ಇರುತ್ತದೆ. ಒಂದೊಂದು ಚರಣ ಮುಗಿದ ಮೇಲೂ ಪಲ್ಲವಿಗೆ ಬರಬೇಕು. ಅಲ್ಲಿ ರಾಗ ಬೇಕೇ ಬೇಕು. ದಿನಕರ ದೇಸಾಯಿಯವರ ಚುಟುಕಕ್ಕೆ ನಾಲ್ಕೇ ಸಾಲು. ಅದರ ಗಮ್ಮತ್ತೆಲ್ಲ ಕೊನೆಯಲ್ಲಿ. ಅದನ್ನು ಎಳೆದು ಹೇಳಿದರೆ ಯಾರಿಗೂ ನಗು ಬರುವುದಿಲ್ಲ.

ಇನ್ನು ವಚನ. 12ನೆಯ ಶತಮಾನದ ಶರಣರು ಇದಕ್ಕೆ ಇಷ್ಟೇ ಸಾಲು, ಇಷ್ಟೇ ಮಾತ್ರೆ ಎಂದು ಲೆಕ್ಕ ಇಡಲಿಲ್ಲ. ಜನ ಆಡುವ ಮಾತಿನಲ್ಲೇ ಹೇಳಿದರು. ಕೊನೆಗೆ ಅಂಕಿತ ಬರುತ್ತದೆ. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನ. ಮಾತು ದೇವರ ಮುಂದೆ ಹೋಗಿ ನಿಂತ ಹಾಗೆ ಇರುತ್ತದೆ. ವಚನ ಎಂಬ ಪದದ ಅರ್ಥವೇ ಮಾತು. ಹಾಗಾದರೆ ಅದನ್ನು ಮಾತಿನ ಹಾಗೆ ಹೇಳಿದ ನಮ್ಮ ಗೆಳೆಯನದು ಏನು ತಪ್ಪು?

“ವಚನಾನೂ ಹಾಡ್ತಾರಲ್ಲ?” ಎಂದು ಕೆಲವರು ಕೇಳಬಹುದು. ನಿಜ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರಂಥ ದೊಡ್ಡ ಗಾಯಕರೂ ವಚನ ಹಾಡಿದ್ದಾರೆ. ಆದರೆ ಅಂಥವರು ವಚನದ ಭಾವ ನೋಡಿ ರಾಗ ಹುಡುಕುತ್ತಾರೆ. ನಾವು ನಮ್ಮ ಒಂದೇ ರಾಗಕ್ಕೆ ವಚನವನ್ನು ಜಗ್ಗುತ್ತೇವೆ.

“ಒಂದೇ ರಾಗ ಇದ್ದರೆ ಬೇಗ ಬಾಯಿಪಾಠ ಆಗುತ್ತದೆ, ಪರೀಕ್ಷೆಗೆ ಅನುಕೂಲ” ಎಂದು ನನ್ನ ಗೆಳತಿ ವಾದ ಮಾಡಿದಳು. ನಾನೂ ಮೊದಲು ಹಾಗೇ ತಿಳಿದಿದ್ದೆ. ಆದರೆ ನಡುವೆ ಒಂದು ಪದ ಮರೆತರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಯಾಕೆಂದರೆ ನಮಗೆ ನೆನಪಿರುವುದು ರಾಗ, ಪದ್ಯ ಅಲ್ಲ. ಅರ್ಥ ತಿಳಿದು ಹೇಳಿದರೆ ಮರೆತ ಪದವೂ ತಾನಾಗಿ ಬರುತ್ತದೆ.

ಗುರುಗಳಲ್ಲಿ ನನ್ನದು ಎರಡು ವಿನಂತಿ. ಮುಂದಿನ ಸ್ಪರ್ಧೆಯಲ್ಲಿ ಪದ್ಯ ಹೇಳುವ ಮೊದಲು ಅದು ಯಾವ ಜಾತಿಯ ಪದ್ಯ ಎಂದು ನಮ್ಮಿಂದಲೇ ಹೇಳಿಸಬೇಕು. ಕಂಠ ಚೆನ್ನಾಗಿದೆಯೇ ಎಂದಷ್ಟೇ ನೋಡದೆ, ಪದ್ಯಕ್ಕೆ ತಕ್ಕ ಹಾಗೆ ಹೇಳಿದರೋ ಇಲ್ಲವೋ ಎಂದು ನೋಡಿ ಅಂಕ ಕೊಡಬೇಕು. ಕಂಠ ಎಲ್ಲರಿಗೂ ಇರುವುದಿಲ್ಲ, ಆದರೆ ತಿಳಿದು ಹೇಳುವುದು ಎಲ್ಲರಿಗೂ ಸಾಧ್ಯ.

ಆ ಗೆಳೆಯನಿಗೂ ಒಂದು ಮಾತು. ಅಂದು ನಿನ್ನನ್ನು ನೋಡಿ ನಕ್ಕಿದ್ದು ನನ್ನ ತಪ್ಪು. ನೀನೇ ಸರಿಯಾಗಿ ಹೇಳಿದ್ದೆ. ಅರ್ಧಕ್ಕೆ ನಿಂತ ವಚನವನ್ನು ನಮಗೆ ಪೂರ್ತಿ ಹೇಳು. ಈ ಸಲ ನಾವು ಯಾರೂ ನಗುವುದಿಲ್ಲ, ಕೇಳುತ್ತೇವೆ.

ಬರೆದುದರಲ್ಲಿ ತಪ್ಪಿದ್ದರೆ ದೊಡ್ಡವರು ತಿದ್ದಬೇಕಾಗಿ ಕೋರುತ್ತೇನೆ.

– 7ನೇ ತರಗತಿಯ ವಿದ್ಯಾರ್ಥಿನಿ