ಹೊಳೆಗೆ ದೋಣಿ ಇಳಿಸುವ ಮುನ್ನ



ಕಳೆದ ಜನವರಿಯಲ್ಲಿ ನಮ್ಮ ಸದಸ್ಯರೊಬ್ಬರ ಹೋಂಸ್ಟೇಯಲ್ಲಿ ವೈಟ್‌ಫೀಲ್ಡಿನ ಇಬ್ಬರು ತರುಣರು ಎರಡು ವಾರ ತಂಗಿದ್ದರು. ಹಗಲೆಲ್ಲ ಲ್ಯಾಪ್‌ಟಾಪಿನ ಮುಂದೆ ಕಚೇರಿಯ ಕೆಲಸ. ಸಂಜೆ ಕಯಾಕ್ ಎಂಬ ಕಿರುದೋಣಿಯಲ್ಲಿ ಹೊಳೆಯ ವಿಹಾರ. ಮೂರನೆಯ ದಿನ ಅವರಲ್ಲೊಬ್ಬ ಕೇಳಿದನಂತೆ: "ಅಂಕಲ್, ನಿಮ್ಮ ಹೊಳೆಯೂ ನಮ್ಮ ವರ್ತೂರು ಕೆರೆ ಥರ ನಾರುತ್ತದಲ್ಲ?"

ಆ ಮಾತು ನನ್ನನ್ನು ಚುಚ್ಚಿತು. ನಗರದ ಕೊಳಚೆ ಬೆಳ್ಳಂದೂರಿಗೂ ಅಲ್ಲಿಂದ ವರ್ತೂರಿಗೂ ಹರಿದು, 2015ರಲ್ಲಿ ನೊರೆ ರಸ್ತೆಗೆ ಹಾರಿದ್ದನ್ನೂ 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದನ್ನೂ ನಾವೆಲ್ಲ ಪತ್ರಿಕೆಗಳಲ್ಲಿ ಕಂಡು ಮೂಗು ಮುರಿದವರೇ. ಅಂಥ ಕೆರೆಗಳ ನೆರೆಯಲ್ಲಿ ಬಾಳುವವರಿಗೆ ಹುಟ್ಟು ಹಾಕುವ ಮನಸ್ಸಾದರೆ ದೂರ ಬರಲೇಬೇಕು. ಶರಾವತಿ ಹಿನ್ನೀರಿನ ಹೊನ್ನೆಮರಡು, ಸಾಲಿಗ್ರಾಮದ ಬಳಿ ಸೀತಾನದಿಯ ಕಾಂಡ್ಲಾ ವನ, ಕಾಳಿ ನದಿಯ ಗಣೇಶಗುಡಿ ಇವೆಲ್ಲ ಅವರಿಗೆ ಪರಿಚಿತ ತಾಣಗಳು. 2020ರ ಕೋವಿಡ್ ಕಾಲದಲ್ಲಿ ಕಚೇರಿಯ ಕೆಲಸ ಮನೆಗೆ ಬಂದ ಮೇಲೆ, ಎರಡು ದಿನಕ್ಕೆ ಬರುತ್ತಿದ್ದವರು ವಾರಗಟ್ಟಲೆ ನಿಲ್ಲುವುದೂ ಆರಂಭವಾಯಿತು.

ಕೊಳೆರೋಗ, ಅಕಾಲ ಮಳೆ, ಆಳುಗಳ ಅಭಾವಗಳಿಂದ ಬಸವಳಿದ ಸಣ್ಣ ಬೆಳೆಗಾರನಿಗೆ ಇದರಿಂದ ನಾಲ್ಕು ಕಾಸು ಬರುವುದಾದರೆ ಬೇಡವೆನ್ನಲಾರೆ. ಆದರೆ ಒಂದು ಸಂಗತಿ ಗಮನಿಸಬೇಕು. ಮಳೆಗಾಲದ ಕೆಂಪು ನೀರಿನ ಸೆಳೆತ ಹೊಸಬರಿಗೆ ಸಲ್ಲದು. ಹೊಳೆ ಶಾಂತವಾಗುವುದು ನವೆಂಬರಿನ ಅನಂತರ. ನಾವು ಕಾಫಿ ಹಣ್ಣನ್ನು ಪಲ್ಪಿಂಗ್ ಮಾಡುವುದೂ ಅದೇ ತಿಂಗಳುಗಳಲ್ಲಿ! ತಿರುಳು, ಲೋಳೆ, ಸಕ್ಕರೆಯ ಅಂಶ ತುಂಬಿದ ಆ ನೀರು ಹೊಳೆ ಸೇರಿದರೆ ಹುಳಿತು ನಾರುತ್ತದೆ. ಆಮ್ಲಜನಕ ಕುಗ್ಗಿ ಮೀನು ಸಾಯುತ್ತವೆ. ಹರಿವು ಇಳಿಯುತ್ತ ಹೋದಂತೆ ಹಾನಿಯೂ ಹೆಚ್ಚು. ನಗರದವರತ್ತ ಬೆರಳು ತೋರುವ ನಮ್ಮಲ್ಲಿ, ಕತ್ತಲಾದ ಮೇಲೆ ತೊಟ್ಟಿಯ ನೀರನ್ನು ತೋಡಿಗೆ ಬಿಡುವವರು ಇಲ್ಲವೆಂದು ಎದೆ ಮುಟ್ಟಿ ಹೇಳಲಾದೀತೇ? ಕೆಳಗಿನ ಊರಿನವರು ಅದೇ ನೀರನ್ನು ಕುಡಿಯುತ್ತಾರೆ. ದನಗಳಿಗೂ ಅದೇ ನೀರು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ದೋಣಿ ಕೊಳ್ಳುವುದಕ್ಕೆ ಮೊದಲು ತೊಟ್ಟಿ ಕಟ್ಟೋಣ. ಪಲ್ಪಿಂಗಿಗೆ ಬಳಸಿದ ನೀರನ್ನೇ ಮರುಬಳಸಿ, ಉಳಿದುದಕ್ಕೆ ಸುಣ್ಣ ಹಾಕಿ ತೊಟ್ಟಿಯಲ್ಲಿ ತಂಗಿಸಿ, ತಿರುಳನ್ನು ಗೊಬ್ಬರಕ್ಕೆ ಸೇರಿಸೋಣ. ಎರಡು ಮೂರು ಎಕರೆಯವರಿಗೆ ಈ ಖರ್ಚು ಒಂಟಿಯಾಗಿ ಹೊರಲಾಗದು. ಹತ್ತು ಮಂದಿ ಕೂಡಿದರೆ ಒಂದು ಸಾಮೂಹಿಕ ತೊಟ್ಟಿ ಭಾರವಲ್ಲ. ಸಹಕಾರ ಸಂಘವಿರುವುದು ಮತ್ತೆ ಯಾತಕ್ಕೆ?

ದೋಣಿಯ ವಿಷಯದಲ್ಲೂ ಕಟ್ಟುಪಾಡು ಬೇಕು. ಲೈಫ್ ಜಾಕೆಟ್ ಇಲ್ಲದೆ, ಹೊಳೆಯ ಮಡು-ಸುಳಿ ಬಲ್ಲ ಊರವನೊಬ್ಬ ಜೊತೆಗಿಲ್ಲದೆ, ಮುಸ್ಸಂಜೆಯ ಮೇಲೆ ಯಾರನ್ನೂ ನೀರಿಗೆ ಇಳಿಸಬಾರದು. ಅತಿಥಿಯ ಜೀವಕ್ಕೆ ಮನೆಯವನೇ ಹೊಣೆ.

ಮುಂದಿನ ಮಹಾಸಭೆಯಲ್ಲಿ ಈ ಎರಡನ್ನೂ ಚರ್ಚೆಗೆ ಇಡಲಿದ್ದೇನೆ. ವಿರೋಧವಿರುವವರು ಅವಶ್ಯ ಬಂದು ಮಾತಾಡಬೇಕು. ಆ ತರುಣನ ಪ್ರಶ್ನೆಗೆ ನಮ್ಮ ಸದಸ್ಯರು ಆ ದಿನ ಉತ್ತರ ಕೊಡಲಿಲ್ಲ. ಬರುವ ಜನವರಿಗೆ ಹೊಳೆಯೇ ಉತ್ತರ ಕೊಡುವಂತಾಗಲಿ.

— ಕಾರ್ಯದರ್ಶಿ