ಗಾಡಿಗೆ ಹೆದರಿ ಗಾಡಿ ಹತ್ತಿದ್ದೆ!

ಮೈಸೂರಿನಲ್ಲಿ ನಮ್ಮ ಮನೆಯಿಂದ ಮಗಳ ಶಾಲೆಗೆ ಹೆಚ್ಚೆಂದರೆ ಒಂದು ಕಿಲೋಮೀಟರ್. ಆದ್ರೂ ಮೂರು ವರ್ಷ ಅವಳನ್ನ ಸ್ಕೂಟರ್‌ನಲ್ಲೇ ಬಿಟ್ಟು ಬರ್ತಿದ್ದೆ. ಯಾರಾದ್ರೂ ಕೇಳಿದ್ರೆ, "ರಸ್ತೇಲಿ ಎಷ್ಟು ಗಾಡಿ ನೋಡಿ, ಮಗೂನ ನಡೆಸೋಕೆ ಭಯ ಆಗುತ್ತೆ" ಅಂತಿದ್ದೆ.

ಕಳೆದ ಜೂನ್‌ನಲ್ಲಿ ಒಂದು ದಿನ ಬೆಳಗ್ಗೆಯೇ ಜಿಟಿಜಿಟಿ ಮಳೆ. ಶಾಲೆಯ ಗೇಟಿನ ಮುಂದೆ ಕಾರು, ಆಟೋ, ಸ್ಕೂಟರ್‌ಗಳ ಜಾತ್ರೆ. ಮಗಳನ್ನು ಇಳಿಸಿ, ಆಫೀಸಿಗೆ ಹೊತ್ತಾಯ್ತು ಅಂತ ಗಡಿಬಿಡಿಯಲ್ಲಿ ಗಾಡಿ ತಿರುಗಿಸಿದೆ. ಯಾರೋ ಕೂಗಿದರು. ಬ್ರೇಕ್ ಹಿಡಿದು ನೋಡಿದರೆ, ರೇನ್‌ಕೋಟ್ ಹಾಕಿದ್ದ ಪುಟ್ಟ ಹುಡುಗನೊಬ್ಬ ಚಕ್ರದಿಂದ ಒಂದು ಗೇಣು ದೂರದಲ್ಲಿ ನಿಂತಿದ್ದ! ಪುಣ್ಯಕ್ಕೆ ಅವನಿಗೇನೂ ಆಗಲಿಲ್ಲ. ನನ್ನ ಕೈಕಾಲು ಮಾತ್ರ ಎಷ್ಟೋ ಹೊತ್ತು ನಡುಗುತ್ತಿತ್ತು. ನಾನು ಹೆದರುತ್ತಿದ್ದ ಗಾಡಿಗಳಲ್ಲಿ ನನ್ನದೂ ಒಂದು ಅಂತ ಆವತ್ತು ಅರ್ಥವಾಯಿತು.

ರಾತ್ರಿ ಅತ್ತೆ ಹತ್ರ ಹೇಳಿಕೊಂಡೆ. "ನಡೆಸ್ಕೊಂಡು ಹೋಗಮ್ಮ. ನಾವೆಲ್ಲ ಕೇರಿ ಮಕ್ಕಳು ಸೇರ್ಕೊಂಡು ಹೋಗ್ತಿರ್ಲಿಲ್ವಾ?" ಅಂದರು. ಹೌದಲ್ಲ! ಜಪಾನಿನ ಎಷ್ಟೋ ಊರುಗಳಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಇವತ್ತಿಗೂ ಹಾಗೇ ಗುಂಪಾಗಿ, ದೊಡ್ಡವರು ಮುಂದೆ, ಚಿಕ್ಕವರು ಹಿಂದೆ ನಡೆದೇ ಹೋಗುತ್ತಾರೆ. ನಮ್ಮ ಹಳ್ಳಿಯ ಕಡೆಯೂ ಅಷ್ಟೇ. 2006–07ರಲ್ಲಿ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ, ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ತುಳಿದು ಹೈಸ್ಕೂಲಿಗೆ ಹೋಗೋದನ್ನ ನೋಡೋದೇ ಒಂದು ಚೆಂದವಾಗಿತ್ತು.

ಎದುರುಮನೆ, ಪಕ್ಕದ ಮನೆಯವರನ್ನ ಕೇಳಿದೆ. ನಾಲ್ಕು ಮನೆ, ಐದು ಮಕ್ಕಳು. ದಿನಕ್ಕೊಬ್ಬರು ದೊಡ್ಡವರು ಜೊತೆಗೆ ಹೋಗೋದು ಅಂತಾಯ್ತು. ನನ್ನ ಪಾಳಿ ವಾರಕ್ಕೆ ಒಂದೋ ಎರಡೋ ದಿನ, ಉಳಿದ ದಿನ ಬೆಳಗಿನ ಓಡಾಟವೇ ಇಲ್ಲ! ನಿಯಮ ಎರಡೇ: ಮುಖ್ಯರಸ್ತೆ ದಾಟುವಾಗ ಕೈ ಬಿಡಬಾರದು, ರಾತ್ರಿಯೇ ಟೈಮ್‌ಟೇಬಲ್ ನೋಡಿ, ಬೇಕಾದ ಪುಸ್ತಕ ಮಾತ್ರ ಬ್ಯಾಗಿಗೆ ಹಾಕಬೇಕು.

ಎಲ್ಲಾ ಸಲೀಸಾಗಿ ನಡೀತು ಅಂತ ಹೇಳಲ್ಲ. ಜೋರು ಮಳೆ ಬಂದಾಗ ಇಬ್ಬರು ಮತ್ತೆ ಕಾರು ಹತ್ತಿದರು. ಫುಟ್‌ಪಾತ್ ಮೇಲೆ ನಿಲ್ಲಿಸಿದ ಗಾಡಿಗಳಿಂದಾಗಿ ಕೆಲವು ಕಡೆ ರಸ್ತೆಗೇ ಇಳಿಯಬೇಕು. ಆದ್ರೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೋಗ್ತಾ ಬರ್ತಾ ಚುರುಕಾಗಿ ನಡೆದರೆ ಅದರಲ್ಲಿ ಅರ್ಧ ಅಲ್ಲೇ ಆಯ್ತು. ಈಗ ಮಗಳಿಗೆ ಯಾವ ಮನೆಯ ಕಾಂಪೌಂಡಿನಲ್ಲಿ ಪಾರಿಜಾತ ಇದೆ, ಯಾವ ಬೀದಿಯ ನಾಯಿ ಬೊಗಳುತ್ತೆ, ಎಲ್ಲಾ ಗೊತ್ತು.

ಶಾಲೆ ದೂರ ಇದ್ರೆ ಶಾಲಾ ಬಸ್ಸೋ ಸಿಟಿ ಬಸ್ಸೋ ಇದೆಯಲ್ಲ. ಅದೂ ಆಗದಿದ್ರೆ ಎರಡು ಬೀದಿ ಹಿಂದೆಯೇ ಗಾಡಿ ನಿಲ್ಲಿಸಿ, ಮಗುವಿನ ಕೈ ಹಿಡಿದು ನಡೀರಿ. ಗೇಟಿನ ಮುಂದೆ ಒಂದು ಗಾಡಿ ಕಡಿಮೆಯಾದ್ರೆ, ಯಾರದೋ ಮಗುವಿಗೆ ಅಷ್ಟು ಜಾಗ ಸಿಕ್ಕಿತು. ವಾರಕ್ಕೊಂದು ದಿನ ಶುರು ಮಾಡಿ ನೋಡಿ. ಏನಂತೀರಿ?