ಗಂಟೆ ಲೆಕ್ಕದ ತಂತ್ರಾಂಶ: ಸಣ್ಣ ಉದ್ದಿಮೆಗೆ ದಕ್ಕೀತೇ?

ಉಚ್ಚಿಲದಂತಹ ಕರಾವಳಿಯ ಊರುಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಯ ಬಹುದೊಡ್ಡ ಹೊರೆ ಡೀಸೆಲ್ ಖರ್ಚು. ಬೋಟಿನ ತಳದ ಆಕಾರ ಬದಲಿಸಿದರೆ ನೀರಿನ ತಡೆ ಎಷ್ಟು ತಗ್ಗೀತೆಂಬುದನ್ನು ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಅಂದಾಜು ಮಾಡಬಹುದು. ಆದರೆ ಅದಕ್ಕೆ ಬೇಕಾದ ಸಿಮ್ಯುಲೇಶನ್ ತಂತ್ರಾಂಶದ ವಾರ್ಷಿಕ ಪರವಾನಗಿ ಸಣ್ಣ ಬೋಟ್ ಯಾರ್ಡುಗಳಿಗೆ ಎಟುಕುವಂಥದಲ್ಲ.

ಕ್ಲೌಡ್ ಕಂಪ್ಯೂಟಿಂಗ್ ಮೂರು ದಾರಿಗಳನ್ನು ತೆರೆದಿದೆ. ಮೊದಲನೆಯದು, ಬಳಸಿದ ಗಂಟೆಗಳಿಗಷ್ಟೇ ಶುಲ್ಕ. ಎರಡನೆಯದು, 2012ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಸಿಮ್‌ಸ್ಕೇಲ್ ಅನುಸರಿಸಿದ ಮಾರ್ಗ: ಖಾತೆ ಉಚಿತ, ಆದರೆ ಅದರಲ್ಲಿ ಮಾಡಿದ ವಿನ್ಯಾಸ ಎಲ್ಲರಿಗೂ ಕಾಣುತ್ತದೆ, ಗೋಪ್ಯತೆ ಬೇಕೆಂದರೆ ಹಣ ತೆರಬೇಕು. ಮೂರನೆಯದು, 2004ರಿಂದ ಮುಕ್ತವಾಗಿ ದೊರೆಯುತ್ತಿರುವ ಓಪನ್‌ಫೋಮ್. ಇಲ್ಲಿ ತೆರಬೇಕಾದುದು ಯಂತ್ರದ ಬಾಡಿಗೆ ಮಾತ್ರ.

ಆದರೆ ಪರಿಣತರ ವೆಚ್ಚ ಈ ಯಾವ ದರಪಟ್ಟಿಯಲ್ಲೂ ಇಲ್ಲ. ಲೆಕ್ಕವನ್ನು ತಪ್ಪಾಗಿ ಹೂಡಿದರೂ ಬಣ್ಣದ ಚಿತ್ರ ಮೂಡುತ್ತದೆ, ಬಿಲ್ಲೂ ಬರುತ್ತದೆ. ಉತ್ತರ ನಂಬಲರ್ಹವೇ ಎಂದು ಹೇಳಬಲ್ಲವರು ಬೇಕು. ಐರೋಪ್ಯ ಒಕ್ಕೂಟದ ನೆರವಿನಿಂದ 2013ರಲ್ಲಿ ಆರಂಭವಾದ ಫೋರ್ಟಿಸ್ಸಿಮೊ ಯೋಜನೆಯು ಸಣ್ಣ ಉದ್ದಿಮೆಗಳಿಗೆ ಸೂಪರ್ ಕಂಪ್ಯೂಟರಿನ ಜೊತೆಗೆ ತಜ್ಞರನ್ನೂ ಒದಗಿಸಿತು.

ನಮ್ಮಲ್ಲಿ ಆ ಕೊರತೆ ನೀಗುವುದು ಅಸಾಧ್ಯವೇನಲ್ಲ. ಮಣಿಪಾಲ ಹಾಗೂ ನಿಟ್ಟೆಯ ಎಂಜಿನಿಯರಿಂಗ್ ಕಾಲೇಜುಗಳು ಉಚ್ಚಿಲಕ್ಕೆ ದೂರವಲ್ಲ. ಅದೇ ಹೆದ್ದಾರಿಯಲ್ಲಿರುವ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಸಾಗರ ಎಂಜಿನಿಯರಿಂಗ್ ವಿಭಾಗವೇ ಇದೆ. ಇಂತಹ ಸಂಸ್ಥೆಗಳು ಮುಕ್ತ ತಂತ್ರಾಂಶ ಬಳಸಿ, ಯಂತ್ರದ ಗಂಟೆಗೆ ಬದಲಾಗಿ ಪರಿಶೀಲಿಸಿದ ಉತ್ತರಕ್ಕೆ ದರ ಗೊತ್ತುಪಡಿಸಲಿ. ಬೋಟ್ ಕಟ್ಟುವವರಿಗೆ ಬೇಕಾಗಿರುವುದು ತಂತ್ರಾಂಶವಲ್ಲ, ಡೀಸೆಲ್ ಉಳಿಸುವ ವಿನ್ಯಾಸ.